ಬಡವರನ್ನು ನೋಡಿಕೊಳ್ಳುವುದು ಯಾರ ಕೆಲಸ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದಲ್ಲಿ ನಮ್ಮ ಓಣಿಯವರಿಗೆ, ಸುತ್ತಲಿನ ಹಳ್ಳಿಯವರಿಗೆ ಪಿಂಚಣಿ, ರೇಷನ್ ಕಾರ್ಡು, ಹಾಸ್ಟೆಲ್ ಅರ್ಜಿ ತುಂಬಿಕೊಡುವ ಕೆಲಸವನ್ನು ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂತೆಂದರೆ ದಾಸೋಹದಲ್ಲಿ ಬಡಿಸಲಿಕ್ಕೂ ಹೋಗುತ್ತೇನೆ. ಎರಡೂ ಕಡೆ ಜನ ಸುತ್ತಿ ಬಳಸಿ ಒಂದೇ ಮಾತು ಕೇಳುತ್ತಾರೆ: ಇದೆಲ್ಲ ಮಠದ ಕೆಲಸವಾ, ಸಾಹುಕಾರರ ಕೆಲಸವಾ, ಸರ್ಕಾರದ ಕೆಲಸವಾ? ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ಬಂದದ್ದು ದಾನವಾ, ಸರ್ಕಾರವಾ?

ಹಿಂದೆ ಇವೆರಡನ್ನೂ ಯಾರೂ ಬೇರೆ ಮಾಡಿ ನೋಡುತ್ತಿರಲಿಲ್ಲ. ರಾಜ ಕೊಟ್ಟರೂ ದಾನವೇ, ಸೆಟ್ಟಿ ಕೊಟ್ಟರೂ ದಾನವೇ.

ನಮ್ಮ ಕೊಪ್ಪಳ ಆಗ ಕೊಪಣ. ಜೈನರಿಗೆ ದೊಡ್ಡ ತೀರ್ಥ. ಜೈನರು ನಾಲ್ಕು ದಾನ ಹೇಳುತ್ತಾರೆ: ಆಹಾರ, ಅಭಯ, ಔಷಧ, ಶಾಸ್ತ್ರ. ಈಗಿನ ಮಾತಿನಲ್ಲಿ ಹೇಳಿದರೆ ರೇಷನ್ನು, ರಕ್ಷಣೆ, ದವಾಖಾನೆ, ಶಾಲೆ. ಇವತ್ತು ಒಂದೊಂದಕ್ಕೂ ಒಂದೊಂದು ಇಲಾಖೆ ಇದೆ, ಅಲ್ವಾ?

ಹಂಪಿಯಲ್ಲಿ ಲಕ್ಷ್ಮೀಧರ ಎಂಬ ಮಂತ್ರಿಯ ಶಾಸನವೊಂದಿದೆ. ಒಂದನೇ ದೇವರಾಯನ ಕಾಲದ್ದು, 1410ರ ಸುಮಾರಿನದು. ಈ ಮಂತ್ರಿಗೆ ಅವನ ತಾಯಿ ಹಾಲೂಡಿಸುವಾಗಲೇ ಕಿವಿಯಲ್ಲಿ ಹೇಳಿದ್ದಳಂತೆ: ಕೆರೆಯಂ ಕಟ್ಟಿಸು, ಬಾವಿಯಂ ಸವೆಸು, ಗುಡಿ ಮಾಡಿಸು, ಸಂಕಟದಲ್ಲಿ ಸಿಕ್ಕ ಅನಾಥರನ್ನು ಬಿಡಿಸು, ನಂಬಿದವರಿಗೆ ಆಸರೆಯಾಗು ಎಂದು. ಆ ಸಾಲುಗಳನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅವನು ಕಟ್ಟಿಸಿದ್ದು ಖಜಾನೆಯ ಕೆಲಸವೋ, ಅವನ ಸ್ವಂತ ಪುಣ್ಯವೋ? ಆಗ ಆ ಪ್ರಶ್ನೆ ಯಾರ ತಲೆಗೂ ಬರುತ್ತಿರಲಿಲ್ಲ. ಅಧಿಕಾರ ಇದ್ದವನು ಕೆರೆ ಕಟ್ಟಿಸಬೇಕು, ಅಷ್ಟೇ.

ದಾನಕ್ಕೂ ದಾಸೋಹಕ್ಕೂ ಏನು ವ್ಯತ್ಯಾಸ?

ದಾನದಲ್ಲಿ ಕೊಡುವ ಕೈ ಮೇಲೆ, ಈಸಿಕೊಳ್ಳುವ ಕೈ ಕೆಳಗೆ. 12ನೇ ಶತಮಾನದ ಶರಣರು ಇದನ್ನು ಒಪ್ಪಲಿಲ್ಲ. ಮೊದಲು ಕಾಯಕ ಮಾಡು, ಬಂದದ್ದನ್ನು ಹಂಚಿಕೊಂಡು ಉಣ್ಣು, ಕೊಟ್ಟೆ ಎಂಬ ಗರ್ವ ಬೇಡ, ನೀನೇ ದಾಸ ಎಂದರು. ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ, ಮಾದಲಿ, ಕಾಳು, ಕಾಯಿಪಲ್ಲೆ ಬರುತ್ತದಲ್ಲ, ಅದರಲ್ಲಿ ಯಾರ ರೊಟ್ಟಿ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ರೊಟ್ಟಿ ಬಡಿದು ಕಳಿಸಿದ ಅವ್ವನೂ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾಳೆ, ಕೈಯಲ್ಲಿ ಏನೂ ಇಲ್ಲದೆ ಬಂದವನೂ ಅಲ್ಲೇ ಕೂತು ಉಣ್ಣುತ್ತಾನೆ. ನನಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಸಿಕ್ಕಿಲ್ಲ.

ಹಾಗಾದರೆ ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನಿ.

ಅನ್ನುವುದಿಲ್ಲ. ಯಾರಿಗೆ ಸಿಗುತ್ತಿತ್ತು ಅಂತ ಕೇಳಿ ನೋಡಿ. ಅಗ್ರಹಾರದ ಭೂಮಿ ಬ್ರಾಹ್ಮಣರಿಗೆ. ಎಷ್ಟೋ ಛತ್ರಗಳಲ್ಲಿ ಒಬ್ಬರಿಗೆ ಒಳಗೆ ಎಲೆ ಹಾಕಿ ಬಡಿಸಿದರೆ ಇನ್ನೊಬ್ಬರು ಹೊರಗೆ ನಿಂತು ಉಳಿದದ್ದಕ್ಕೆ ಕಾಯಬೇಕಿತ್ತು. ಊರ ಬಾವಿ ಇದ್ದರೂ ದಲಿತ ಕೇರಿಯವರು ಕೊಡ ಇಳಿಸುವ ಹಾಗಿರಲಿಲ್ಲ. ಬಾವಿ ತೋಡಿಸಿದವನಿಗೆ ಪುಣ್ಯ ಬಂತು, ಆದರೆ ನೀರು ಎಲ್ಲರಿಗೂ ಬರಲಿಲ್ಲ. ದಾನ ಕೊಡುವವನು ಯಾರಿಗೆ ಕೊಡಬೇಕು ಎಂಬುದನ್ನೂ ತಾನೇ ತೀರ್ಮಾನ ಮಾಡುತ್ತಾನೆ. ದಾನದ ಅತಿ ದೊಡ್ಡ ಕೊರತೆ ಇದೇ, ಇವತ್ತಿಗೂ.

ಗುಡಿಯ ಹೆಸರಿನಲ್ಲಿ ಕೆಟ್ಟದ್ದೂ ನಡೆದಿದೆ. ದೇವದಾಸಿ ಪದ್ಧತಿ ನಮ್ಮ ಮೂರೂ ಜಿಲ್ಲೆಯಲ್ಲಿ ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ತಿಂದಿದೆ. ಬಳ್ಳಾರಿ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿಗೆ 1947ರ ಮದ್ರಾಸ್ ಕಾಯ್ದೆ ಬಂತು. ಇಡೀ ಕರ್ನಾಟಕಕ್ಕೆ ಒಂದು ನಿಷೇಧ ಕಾಯ್ದೆ ಬರಲು 1982 ಆಗಬೇಕಾಯಿತು. ಇವತ್ತು ಮಾಜಿ ದೇವದಾಸಿಯರಿಗೆ ಮಾಸಾಶನ ಇದೆ ಎಂದರೆ ಆ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡು ಕೇಳಿದ್ದು ಅದಕ್ಕೆ ದೊಡ್ಡ ಕಾರಣ.

ಬಳ್ಳಾರಿ ಬೇರೆ, ರಾಯಚೂರು–ಕೊಪ್ಪಳ ಬೇರೆ ಅಂತ ಯಾಕೆ ಹೇಳುತ್ತೀರಿ?

ಆಳಿದವರು ಬೇರೆ. 1800ರಲ್ಲಿ ನಿಜಾಮ ಬಳ್ಳಾರಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಅದು ಮದ್ರಾಸಿನ ಕೈಯಲ್ಲಿತ್ತು. ರಾಯಚೂರು 1948ರ ಸೆಪ್ಟೆಂಬರ್ ತನಕ ನಿಜಾಮನದು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ.

ಮದ್ರಾಸಿನಲ್ಲಿ 1817ರಲ್ಲೇ ಒಂದು ಕಟ್ಟಳೆ ಬಂತು. ಗುಡಿ, ಮಸೀದಿ, ಛತ್ರ, ಸೇತುವೆಗೆ ಅಂತ ಬಿಟ್ಟ ಭೂಮಿಯ ಉತ್ಪನ್ನ ಅದಕ್ಕೇ ಹೋಗುತ್ತಿದೆಯಾ ಅಂತ ಕಂದಾಯ ಮಂಡಳಿ ನೋಡಬೇಕು ಎಂಬುದು ಅದರ ತಿರುಳು. ಅಂದರೆ ದಾನದ ಲೆಕ್ಕವನ್ನು ಸರ್ಕಾರ ಕೇಳಲು ಶುರುಮಾಡಿ 200 ವರ್ಷ ದಾಟಿತು. 1863ರ ಕಾಯ್ದೆಯಲ್ಲಿ ಸರ್ಕಾರ ಧರ್ಮದ ಸಂಸ್ಥೆಗಳಿಂದ ಹಿಂದೆ ಸರಿದು ಸಮಿತಿಗಳ ಕೈಗೆ ಬಿಟ್ಟಿತು. 1920ರ ದಶಕದಲ್ಲಿ ಹಿಂದೂ ದತ್ತಿ ಕಾಯ್ದೆ ತಂದು ಮತ್ತೆ ಒಳಗೆ ಬಂತು. ಗುಡಿಯ ಹುಂಡಿಯ ಲೆಕ್ಕ ಸರ್ಕಾರ ಯಾಕೆ ನೋಡಬೇಕು ಎಂಬ ಜಗಳ ಹೊಸದು ಅಂದುಕೊಂಡವರಿಗೆ ಇದನ್ನು ಹೇಳುತ್ತಿದ್ದೇನೆ.

ನಿಜಾಮನ ಕಡೆ ಉಮೂರ್-ಎ-ಮಜ್‌ಹಬಿ ಎಂಬ ಇಲಾಖೆಯೇ ಇತ್ತು, ಧರ್ಮದ ಕೆಲಸಗಳಿಗೆ. ಅದರ ಹೊರಗೆ ಜನರಲ್ಲೇ ಜಕಾತ್ ಇತ್ತು, ಈಗಲೂ ಇದೆ: ವರ್ಷದ ಉಳಿತಾಯದಲ್ಲಿ 40ಕ್ಕೆ ಒಂದು ಪಾಲು ಬಡವರಿಗೆ. ದರ್ಗಾದ ಲಂಗರಿನಲ್ಲಿ, ಅಂದರೆ ಬಂದವರಿಗೆಲ್ಲ ಊಟ ಹಾಕುವ ಕಡೆ, ಹಿಂದೂಗಳೂ ಉಂಡಿದ್ದಾರೆ, ಅದನ್ನು ನಮ್ಮ ಕಡೆ ಯಾರೂ ವಿಶೇಷ ಅಂತ ಹೇಳುವುದಿಲ್ಲ.

ಮಿಷನರಿಗಳ ಪಾಲು ಎಷ್ಟು?

ಬಳ್ಳಾರಿಯಲ್ಲಿ ಜಾಸ್ತಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದರು. ಬಳ್ಳಾರಿಯ ವಾರ್ಡ್‌ಲಾ ಶಾಲೆ ಆ ಮಿಷನ್ನಿನದೇ. ಮತ ಪ್ರಚಾರವೂ ಅವರ ಉದ್ದೇಶವೇ ಆಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಶಾಲೆಯ ಬಾಗಿಲು ತೆರೆದದ್ದೂ ನಿಜ.

ಧಾತು–ಈಶ್ವರ ಬರ ಅಂತ ಹಿರಿಯರು ಹೇಳುತ್ತಾರಲ್ಲ, ಆಗ ಸರ್ಕಾರ ಏನು ಮಾಡಿತು?

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಇವತ್ತಿನ ಅರ್ಧ ಯೋಜನೆಗಳ ಬೇರು ಅಲ್ಲಿದೆ.

1876ರಲ್ಲಿ ಧಾತು ಸಂವತ್ಸರ, ಮರುವರ್ಷ ಈಶ್ವರ. ಎರಡೂ ವರ್ಷ ಸೇರಿಸಿ ಆ ಹೆಸರು ಬಂತು. ಮಳೆ ಕೈಕೊಟ್ಟಿತು. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಸಾವು ಕಂಡ ಜಾಗಗಳಲ್ಲಿ ಒಂದು. ರಾಯಚೂರು, ಲಿಂಗಸುಗೂರು ಸೀಮೆಯೂ ನರಳಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿಯ ಜನಸಂಖ್ಯೆ ಏರುವ ಬದಲು ಕುಸಿದುಬಿಟ್ಟಿತು.

ಮೊದಮೊದಲು ಮದ್ರಾಸ್ ಸರ್ಕಾರ ರಸ್ತೆ, ಕೆರೆ ಕೆಲಸ ತೆಗೆದು ಕೂಲಿ ಕೊಡುತ್ತಿತ್ತು. ಖರ್ಚು ಏರಿತು. 1877ರ ಜನವರಿಯಲ್ಲಿ ಭಾರತ ಸರ್ಕಾರ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಿತು, ಖರ್ಚು ಬಿಗಿ ಮಾಡು ಅಂತ. ಅವನು ಕೂಲಿ ಇಳಿಸಿದ. ದಿನವಿಡೀ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಕಾಳು, ಮೇಲೊಂದು ಆಣೆ. ಒಂದು ಪೌಂಡ್ ಅಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಷ್ ಇದು ಸಾಲದು, ಜನ ಸಾಯುತ್ತಾರೆ ಅಂತ ಬರೆದು ಬರೆದು ಜಗಳ ಮಾಡಿದರು. ಕೊನೆಗೆ ಆ ವರ್ಷವೇ ಕೂಲಿ ಏರಿಸಿದರು. ಅಷ್ಟರಲ್ಲಿ ಎಷ್ಟು ಜೀವ ಹೋಗಿತ್ತೋ. ಸರ್ಕಾರದ ಒಳಗೇ ಇದ್ದ ಒಬ್ಬ ವೈದ್ಯ ಸರ್ಕಾರದ ಮೇಲೆ ಹಾಗೆ ಬಿದ್ದದ್ದನ್ನು ನಾವು ನೆನೆಯಬೇಕು.

ದಾನ ಆಗ ಎಲ್ಲಿತ್ತು? ಊರ ಸಾಹುಕಾರರು ಗಂಜಿ ಹಾಕಿದರು, ಆದರೆ ಎರಡು ವರ್ಷದ ಬರಕ್ಕೆ ಯಾವ ಸಾಹುಕಾರನ ಕಾಳಿನ ಹಗೇವೂ ಸಾಲದು. 1877ರ ಆಗಸ್ಟಿನಲ್ಲಿ ಮದ್ರಾಸಿನಿಂದ ಲಂಡನ್ನಿಗೆ ಮನವಿ ಹೋಯಿತು, ಅಲ್ಲಿ ಮ್ಯಾನ್ಷನ್ ಹೌಸ್ ನಿಧಿ ಎಂಬ ಚಂದಾ ಎದ್ದಿತು. ಆ ದುಡ್ಡನ್ನು ಊರೂರ ಸಮಿತಿಗಳ ಮೂಲಕ ಹಂಚಿದರು. ಎತ್ತು ಕಳೆದುಕೊಂಡ ರೈತನಿಗೆ ಎತ್ತು, ಬೀಜ, ಮನೆಯ ಮಾಳಿಗೆ ರಿಪೇರಿ. ಸರ್ಕಾರ ಉಸಿರು ಉಳಿಸುವಷ್ಟು ಮಾತ್ರ ಕೊಡುತ್ತಿತ್ತು. ಬರ ಹೋದ ಮೇಲೆ ಮತ್ತೆ ಒಕ್ಕಲುತನ ಹಿಡಿಯಲು ಬೇಕಾದದ್ದನ್ನು ದಾನ ಕೊಟ್ಟಿತು.

ಇದಾದ ಮೇಲೆ 1880ರಲ್ಲಿ ಬರಗಾಲ ಆಯೋಗದ ವರದಿ ಬಂತು, 1883ರಲ್ಲಿ ಬರಗಾಲ ಸಂಹಿತೆ. ಕೈಲಾದವರಿಗೆ ಕೆಲಸ ಮತ್ತು ಕೂಲಿ, ಮುದುಕರಿಗೆ, ಅಂಗವಿಕಲರಿಗೆ ಕೆಲಸವಿಲ್ಲದೆ ನೆರವು. ಬರ ಬಂದಾಗ ಕಲೆಕ್ಟರ್ ಏನು ಮಾಡಬೇಕು ಎಂಬುದು ಮೊದಲ ಸಲ ಕಾಗದದ ಮೇಲೆ ಬಂತು. ಬಳ್ಳಾರಿಯಿಂದ ಹೊಸಪೇಟೆ ಮೇಲೆ ಹಾಯ್ದ ರೈಲು ಹಳಿಯೂ ಬರದ ಕಾಲಕ್ಕೆ ಕಾಳು ಸಾಗಿಸಲು ಅಂತ ಬಂದದ್ದೇ. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕು ಎಂಬ ಮಾತಿಗೂ ಬರದ ಹೆದರಿಕೆಯೇ ಕಾರಣ. ಅದರ ಕೆಲಸ ಶುರುವಾಗಲು ಮಾತ್ರ 1945 ಬರಬೇಕಾಯಿತು.

ಉದ್ಯೋಗ ಖಾತರಿ ಅಂದರೆ ಅದೇ ಹಳೇ ಬರಗಾಲದ ಕಾಮಗಾರಿ ತಾನೆ?

ಕೆಲಸ ನೋಡಿದರೆ ಹೌದು. ಅದೇ ಕೆರೆ ಹೂಳು, ಅದೇ ಬದು. ಆದರೆ ಬರಗಾಲದ ಕಾಮಗಾರಿಯನ್ನು ತೆಗೆಯುವುದು, ಬಿಡುವುದು ಅಧಿಕಾರಿಯ ಇಷ್ಟ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೇಳುವವಳು ಕೂಲಿಕಾರಳಾದಳು. ಅರ್ಜಿ ಕೊಟ್ಟು 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಬರೆದರು. 2006ರಲ್ಲಿ ಮೊದಲ ಹಂತದಲ್ಲೇ ರಾಯಚೂರು ಸೇರಿತ್ತು. ಗುಳೆ ಹೋಗುವ ಊರುಗಳಲ್ಲಿ ನಾಲ್ಕು ಹೆಂಗಸರು ಪಂಚಾಯಿತಿ ಕಟ್ಟೆ ಏರಿ ‘ನಮಗ ಕೆಲಸ ಕೊಡ್ರಿ, ರಸೀದಿ ಕೊಡ್ರಿ’ ಅಂದದ್ದನ್ನು ನಾನು ನೋಡಿದ್ದೇನೆ. ಬೇಡುವ ದನಿ ಅಲ್ಲ ಅದು.

ಪುಕ್ಕಟೆ ಕೊಟ್ಟರೆ ಜನ ಸೋಮಾರಿ ಆಗುವುದಿಲ್ಲವಾ?

ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಇದು ನಮ್ಮ ಊರಿನ ಮಾತು ಅನ್ನಿಸಬಹುದು, ಆದರೆ ಇದಕ್ಕೆ ಹಳೇ ಚರಿತ್ರೆ ಇದೆ. ಇಂಗ್ಲೆಂಡಿನಲ್ಲಿ 1601ರ ಬಡವರ ಕಾಯ್ದೆ ಆಯಾ ಊರಿನ ಬಡವರ ಹೊಣೆಯನ್ನು ಆಯಾ ಊರಿನ ತೆರಿಗೆಯ ಮೇಲೆ ಹಾಕಿತ್ತು. 1834ರಲ್ಲಿ ಅದನ್ನು ಬಿಗಿ ಮಾಡಿದರು. ನೆರವು ಬೇಕಾದರೆ ದುಡಿತದ ಮನೆ ಸೇರಬೇಕು, ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು, ಇಲ್ಲದಿದ್ದರೆ ಜನ ಸೋಮಾರಿ ಆಗುತ್ತಾರೆ ಅಂತ. ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಇದೇ ಬುದ್ಧಿ ಹೊತ್ತು ಬಂದವರು ನಮ್ಮ ಬರದಲ್ಲಿ, ನಿಜವಾಗಿ ಹಸಿದವನಾದರೆ ಊರು ಬಿಟ್ಟು ದೂರದ ಶಿಬಿರಕ್ಕೆ ಬರಲಿ ಎಂದು ಪರೀಕ್ಷೆ ಇಟ್ಟರು. ಬಂದವರಲ್ಲಿ ಎಷ್ಟೋ ಜನಕ್ಕೆ ನಡೆಯುವ ತ್ರಾಣವೇ ಇರಲಿಲ್ಲ.

ಅದೇ ಇಂಗ್ಲೆಂಡು ಮುಂದೆ ಮನಸ್ಸು ಬದಲಿಸಿತು. 1942ರಲ್ಲಿ ಎಲ್ಲರಿಗೂ ಸಾಮಾಜಿಕ ಭದ್ರತೆ ಬೇಕು ಎಂದ ಬೆವರಿಜ್ ವರದಿ, 1948ರ ಜುಲೈ 5ರಿಂದ ಎಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆ. ದೇಶ ಸೋಮಾರಿಯಾಗಿ ಕೂರಲಿಲ್ಲ. ನಮ್ಮಲ್ಲೂ ಅಷ್ಟೇ, ರೇಷನ್ ಅಕ್ಕಿ ಬಂದರೂ ಗಂಗಾವತಿ ಗದ್ದೆಗೆ ನಾಟಿ ಹಚ್ಚಲು ಹೆಂಗಸರು ಬೆಳಗ್ಗೆ ಐದಕ್ಕೇ ಗಾಡಿ ಹತ್ತುತ್ತಾರೆ. ಸೋಮಾರಿ ಅನ್ನುವವರು ಒಂದು ದಿನ ಅವರ ಜೊತೆ ಕೆಸರಿಗೆ ಇಳಿಯಲಿ.

ಸ್ವಾತಂತ್ರ್ಯ ಬಂದ ಮೇಲೆ ಪಿಂಚಣಿ ಹಕ್ಕಾಯಿತಾ?

ಪೂರ್ತಿ ಆಗಿಲ್ಲ. ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ಸರ್ಕಾರ ನೆರವಾಗಬೇಕು ಅಂತ ಸಂವಿಧಾನದ 41ನೇ ವಿಧಿ ಹೇಳುತ್ತದೆ, ಆದರೆ ‘ಆರ್ಥಿಕ ಶಕ್ತಿಯ ಮಿತಿಯಲ್ಲಿ’ ಅಂತ. ಅದರ ಮೇಲೆ ನೇರವಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ವೃದ್ಧಾಪ್ಯ ವೇತನ ಶುರುವಾದದ್ದು 1965ರಲ್ಲಿ. 1995ರ ಆಗಸ್ಟ್ 15ಕ್ಕೆ ಕೇಂದ್ರದ ಯೋಜನೆ ಬಂತು, 2007ರಲ್ಲಿ ರಾಜ್ಯದ ಸಂಧ್ಯಾ ಸುರಕ್ಷಾ. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಜಾಸ್ತಿ ಆಯಿತು, ಅಷ್ಟೇ ಇದೆ. ಮೇಲಿನದನ್ನು ರಾಜ್ಯ ಹಾಕುತ್ತದೆ.

ನಮ್ಮ ದೊಡ್ಡವ್ವನ ಪಿಂಚಣಿ ಒಮ್ಮೆ ನಾಲ್ಕು ತಿಂಗಳು ನಿಂತಿತ್ತು. ಒಂದು ಕಡೆ ಬೆರಳಿನ ಗುರುತು ಹೊಂದುತ್ತಿಲ್ಲ ಅಂದರು, ಇನ್ನೊಂದು ಕಡೆ ಖಾತೆ ಬಂದ್ ಆಗಿದೆ ಅಂದರು. ಜೀವನವಿಡೀ ಹತ್ತಿ ಬಿಡಿಸಿ ಬೆರಳು ಸವೆದಿದ್ದವು, ಗುರುತು ಎಲ್ಲಿಂದ ಬರಬೇಕು? ಆ ನಾಲ್ಕು ತಿಂಗಳು ಅವಳನ್ನು ನೋಡಿಕೊಂಡದ್ದು ಓಣಿಯವರು. ಒಬ್ಬರು ಹಿಟ್ಟು, ಒಬ್ಬರು ಸಾರು. ಅವರಿಗೆ ನಾನು ಸಾಯುವ ತನಕ ಋಣಿ. ಆದರೆ ದೊಡ್ಡವ್ವ ಆಗ ಯಾರ ಮನೆ ಮುಂದೆಯೂ ತಲೆ ಎತ್ತಿ ಹೋಗುತ್ತಿರಲಿಲ್ಲ. ಐದನೇ ತಿಂಗಳು ದುಡ್ಡು ಬಂದ ದಿನ ಅವಳೇ ಚಹಾಪುಡಿ, ಸಕ್ಕರೆ ತಂದು ಎಲ್ಲರನ್ನೂ ಕರೆದಳು. ದಾನ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ದಾನವೇ ಸಾಕು ಅನ್ನುವವರಿಗೆ ಮಾತ್ರ ಈ ಚಹಾದ ಮಾತು ಹೇಳುತ್ತೇನೆ.

ಬಿಸಿಯೂಟ ಯಾರದು, ಸರ್ಕಾರದ್ದಾ, ಸಂಸ್ಥೆಗಳದ್ದಾ?

ಎರಡೂ ಬೆರೆತಿದೆ, ಅದಕ್ಕೇ ಈ ಕಥೆ ನನಗೆ ಇಷ್ಟ. 1995ರಲ್ಲಿ ಕೇಂದ್ರ ಯೋಜನೆ ತಂದಾಗ ಎಷ್ಟೋ ರಾಜ್ಯಗಳಲ್ಲಿ ಅಡುಗೆ ಮಾಡದೆ ತಿಂಗಳಿಗೆ 3 ಕಿಲೋ ಧಾನ್ಯ ಮನೆಗೆ ಕೊಡುತ್ತಿದ್ದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಶಾಲೆಯಲ್ಲೇ ಬೇಯಿಸಿ ಬಡಿಸಿ ಅಂತ ಆದೇಶ ಮಾಡಿತು. ಆ ಮೊಕದ್ದಮೆ ಹಾಕಿದ್ದು ಸರ್ಕಾರವಲ್ಲ, ಜನರ ಹಕ್ಕಿನ ಸಂಘಟನೆ. 2002ರಲ್ಲಿ ಕರ್ನಾಟಕ ಮೊದಲು ಏಳು ಜಿಲ್ಲೆಯಲ್ಲಿ ಶುರುಮಾಡಿತು. ಅದರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಇದ್ದವು. ಹೆಸರು ನೋಡಿ: ಅಕ್ಷರ ದಾಸೋಹ. ಮಠದ ಪದವನ್ನು ಸರ್ಕಾರ ಎತ್ತಿಕೊಂಡಿತು.

ಮೊಟ್ಟೆಯೂ ಹಾಗೇ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಮಕ್ಕಳಿಗೆ ಮೊದಲು ಕೊಟ್ಟರು. ಬೇಡ ಅಂದವರು ಇದ್ದರು, ಬೇಕು ಅಂತ ಗಂಗಾವತಿಯ ಶಾಲಾ ಹುಡುಗಿಯೇ ಗಟ್ಟಿಯಾಗಿ ಮಾತಾಡಿದ್ದಳು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡುವ ಒಪ್ಪಂದ ಮಾಡಿಕೊಂಡಿತು. ವಾರಕ್ಕೆ ಎರಡು ದಿನದ ಮೊಟ್ಟೆ ಆರು ದಿನ ಆಯಿತು. ಬಹಳ ದೊಡ್ಡ ಮನಸ್ಸು. ಆದರೂ ನನಗೊಂದು ಚಿಂತೆ: ಮೂರು ವರ್ಷ ಆದ ಮೇಲೆ? ಆ ನಾಲ್ಕು ದಿನದ ಮೊಟ್ಟೆಯನ್ನು ಸರ್ಕಾರ ಬಜೆಟ್ಟಿಗೆ ಹಾಕಿಕೊಳ್ಳಲಿ ಅಂತ ನಾವು ಈಗಿನಿಂದಲೇ ಕೇಳಬೇಕು.

ಮಠದ ಹಾಸ್ಟೆಲ್ ಇರುವಾಗ ಸರ್ಕಾರಿ ಹಾಸ್ಟೆಲ್ ಯಾಕೆ?

ಮಠದ ಪ್ರಸಾದ ನಿಲಯ ಇಲ್ಲದಿದ್ದರೆ ನಮ್ಮ ಭಾಗದ ಎಷ್ಟೋ ಮಂದಿ ಶಿಕ್ಷಕರು, ಎಂಜಿನಿಯರುಗಳು ಹತ್ತನೇ ಕ್ಲಾಸಿಗೇ ದನ ಕಾಯಲು ಹೋಗುತ್ತಿದ್ದರು. ಬಳ್ಳಾರಿಯಲ್ಲಿ 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘದಂಥವು ಸರ್ಕಾರಕ್ಕೆ ಕಾಯದೆ ಶಾಲೆ ಕಟ್ಟಿದವು. ಆದರೆ ತನ್ನದೇ ಮಠ, ತನ್ನದೇ ಸಂಘ ಇಲ್ಲದ ಜಾತಿಯ ಮಗು ಎಲ್ಲಿಗೆ ಹೋಗಬೇಕು? ಆ ಮಗುವಿಗೆ ಸರ್ಕಾರಿ ಹಾಸ್ಟೆಲ್ಲೇ ಮಠ. ಅಲ್ಲಿ ಊಟ ಕೆಟ್ಟರೆ ಕೇಳಬೇಕು, ಬೀಗ ಹಾಕಲು ಬಿಡಬಾರದು.

ಗಣಿ ಕಂಪನಿಗಳು ಶಾಲೆ ಕಟ್ಟಿಸಿದರೆ ಅದು ದಾನವಾ?

ಅಲ್ಲ. ಎರಡು ಲೆಕ್ಕ ಇವೆ, ಬೆರೆಸಬೇಡಿ. ಒಂದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆ: 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಇನ್ನೊಂದು ಜಿಲ್ಲಾ ಖನಿಜ ನಿಧಿ, 2015ರ ತಿದ್ದುಪಡಿಯಿಂದ ಬಂದದ್ದು. ಹಳೇ ಗುತ್ತಿಗೆಯವರು ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಜಧನದ (ರಾಯಲ್ಟಿ) ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಇದಕ್ಕೆ ಕಟ್ಟಬೇಕು. ಸಂಡೂರಿನ ಗುಡ್ಡ ಕರಗಿದ್ದಕ್ಕೆ, ಕೆಂಪು ಧೂಳು ಕುಡಿದವರಿಗೆ ಸಲ್ಲಬೇಕಾದ ದುಡ್ಡು ಇದು. ಕಟ್ಟಡದ ಮೇಲೆ ‘ದಾನಿಗಳು’ ಎಂದು ಫಲಕ ಹಾಕಿದ್ದರೆ, ಯಾವ ನಿಧಿಯದು ಅಂತ ಗ್ರಾಮಸಭೆಯಲ್ಲಿ ಕೇಳಿ.

ಸರ್ಕಾರ, ದಾನಿಗಳು ಇಬ್ಬರೂ ಕೂಡಿ ಮಾಡಿದ್ದು ಚೆನ್ನಾಗಿ ಆದ ಉದಾಹರಣೆ ಇದೆಯಾ?

2009ರ ನೆರೆ. ಆ ಅಕ್ಟೋಬರಿನಲ್ಲಿ ನದಿ ದಂಡೆಯ ಊರುಗಳು ಮುಳುಗಿದವು. ಮೊದಲ ರಾತ್ರಿ ಊಟ ತಂದದ್ದು ಪಕ್ಕದ ಊರಿನ ಜನ, ಮಠಗಳು, ಮಸೀದಿಗಳು. ಗಂಜಿ ಕೇಂದ್ರ ಆಮೇಲೆ. ಊರು ಸ್ಥಳಾಂತರಕ್ಕೆ ‘ಆಸರೆ’ ಯೋಜನೆಯಲ್ಲಿ ಸರ್ಕಾರ ಜಾಗ ಕೊಟ್ಟಿತು, ದಾನಿಗಳು ಮನೆ ಕಟ್ಟಲು ಕೈಜೋಡಿಸಿದರು. ಎಲ್ಲಾ ಕಡೆ ಸರಿಹೋಗಲಿಲ್ಲ, ಹೊಲದಿಂದ ದೂರ ಆಯಿತೆಂದು ಹಳೇ ಮನೆಗೇ ವಾಪಸ್ಸು ಹೋದವರೂ ಇದ್ದಾರೆ. ಆದರೂ ಒಬ್ಬರಿಂದಲೇ ಅಷ್ಟು ಮನೆ ಏಳುತ್ತಿರಲಿಲ್ಲ.

ನಾವೂ ಒಂದು ಸಂಘ ಮಾಡೋಣ ಅಂತಿದ್ದೇವೆ. ಮಾಡಬೇಕಾ?

ಮಾಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು, ಅದನ್ನು ತಪ್ಪಿಸಬೇಡಿ. ದಿನಸಿ ಕಿಟ್ ಹಂಚುವುದರ ಜೊತೆಗೆ ವಾರಕ್ಕೊಂದು ದಿನ ಅರ್ಜಿ ತುಂಬಿಕೊಡುವ ಕೆಲಸ ಇಟ್ಟುಕೊಳ್ಳಿ. ಕಿಟ್ ಹದಿನೈದು ದಿನಕ್ಕೆ ಮುಗಿಯುತ್ತದೆ.

ಪಿಂಚಣಿ ನಿಂತರೆ ಮೊದಲು ಏನು ಮಾಡಬೇಕು?

ಬ್ಯಾಂಕಿನಲ್ಲೋ, ಅಂಚೆ ಕಚೇರಿಯಲ್ಲೋ ಖಾತೆ ಚಾಲ್ತಿ ಇದೆಯಾ, ಆಧಾರ್ ಜೋಡಣೆ ಸರಿ ಇದೆಯಾ ನೋಡಿ. ಆಮೇಲೆ ನಾಡಕಚೇರಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ, ಸ್ವೀಕೃತಿ ಕೇಳಿ. ಹೊಸದಾಗಿ ಅರ್ಜಿ ಹಾಕುವವರು ಸಕಾಲದ ಚೀಟಿ ಇಲ್ಲದೆ ಬಾಗಿಲು ದಾಟಬೇಡಿ. 2011ರ ಸಕಾಲ ಕಾಯ್ದೆ ಪ್ರಕಾರ ಕೆಲಸಕ್ಕೆ ಇಷ್ಟು ದಿನ ಅಂತ ಗಡುವು ಇದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ಚೀಟಿಯ ಮೇಲಿನ ಶಾಯಿ ಬೇಗ ಅಳಿಸಿಹೋಗುತ್ತದೆ, ಅವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯಲ್ಲಿ ಓದು ಬಲ್ಲವರೊಬ್ಬರಿಗೆ ಕಳಿಸಿಡಿ.